‘ಜಾನೇ ಭಿ ದೋ ಯಾರೋ’: ವಸ್ತ್ರಾಪಹರಣ ಎಲ್ಲರಿಗೂ ಬಾಯಿಪಾಠ, ಕೊನೆಯ ಎರಡು ನಿಮಿಷ ಯಾರಿಗೂ ಬೇಡ

(ಒಂದು ಹಿಂದಿ ಚಿತ್ರದ ಬಗ್ಗೆ ಕೆಲವರು ಅಡ್ಡಹೆಸರಿನಲ್ಲಿ ನಡೆಸಿದ ಚರ್ಚೆ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ಮೂರನೇ ಬೆಲ್

ಈ ಚಿತ್ರದ ಬಗ್ಗೆ ಬರೆಯುವವರೆಲ್ಲ ಒಂದೇ ಹರಿಕಥೆ ಒಪ್ಪಿಸುತ್ತಾರೆ. 1983ರಲ್ಲಿ ಬಂತು, ಯಾರಿಗೂ ಅರ್ಥವಾಗಲಿಲ್ಲ, ಮಕಾಡೆ ಮಲಗಿತು, ಆಮೇಲೆ ಟೀವಿಯಲ್ಲಿ ಬಂದು ಅಮರವಾಯಿತು. ಇದರಲ್ಲಿ ಅರ್ಧ ಮಾತ್ರ ನಿಜ.

ಚಿತ್ರ ತೆರೆಕಂಡದ್ದು 1983ರ ಆಗಸ್ಟ್ 12ರಂದು. ದುಡ್ಡು ಹಾಕಿದ್ದು ಎನ್‌ಎಫ್‌ಡಿಸಿ (ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ), ಏಳು ಲಕ್ಷದ ಆಸುಪಾಸು. ಕುಂದನ್ ಶಾ ಅವರಿಗೆ ಇದು ಮೊದಲ ಚಿತ್ರ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ನಿರ್ದೇಶಕರ ಚೊಚ್ಚಲ ಚಿತ್ರಕ್ಕೆ ಆಗ ಕೊಡುತ್ತಿದ್ದ ಇಂದಿರಾ ಗಾಂಧಿ ಪ್ರಶಸ್ತಿ ಇದಕ್ಕೇ ಬಂತು. ರವಿ ಬಸ್ವಾನಿಗೆ ಫಿಲ್ಮ್‌ಫೇರ್‌ನ ಹಾಸ್ಯನಟ ಪ್ರಶಸ್ತಿಯೂ ಸಿಕ್ಕಿತು. ಸರ್ಕಾರಿ ಜ್ಯೂರಿಯೂ ಮೆಚ್ಚಿ, ಬಾಲಿವುಡ್ಡಿನ ಜನಪ್ರಿಯ ಪತ್ರಿಕೆಯೂ ಮೆಚ್ಚಿದ ಮೇಲೆ ‘ಯಾರೂ ಗುರುತಿಸಲಿಲ್ಲ’ ಅನ್ನುವುದು ಹೇಗೆ? ಕೈಬಿಟ್ಟದ್ದು ಮಾರುಕಟ್ಟೆ, ವಿಮರ್ಶೆಯಲ್ಲ.

ನನ್ನ ತಕರಾರು ಬೇರೆ. ಕಲ್ಟ್ ಅಂತ ಹೊಗಳಿ ಹೊಗಳಿ ಇಡೀ ಚಿತ್ರವನ್ನು, ಹೆಣ ಹೊತ್ತವರು ವಸ್ತ್ರಾಪಹರಣದ ನಾಟಕಕ್ಕೆ ನುಗ್ಗುವ ಒಂದು ಮಹಾಭಾರತದ ಸೀನಿಗೆ ಇಳಿಸಿಬಿಟ್ಟಿದ್ದೇವೆ. ‘ಮನೆಮಂದಿಯೆಲ್ಲ ಕೂತು ನೋಡುವ ಶುದ್ಧ ಹಾಸ್ಯ’ ಅಂತ ಶಿಫಾರಸು ಮಾಡುವವರು ಕೊನೆಯ ಎರಡು ನಿಮಿಷ ನೋಡಿಯೇ ಇಲ್ಲವೇನೋ ಅನ್ನಿಸುತ್ತದೆ.

ಗಲ್ಲಾಪೆಟ್ಟಿಗೆ

ಮಾರುಕಟ್ಟೆ ಕೈಬಿಟ್ಟಿತು ಅಂದರೆ ಏನಾಯಿತು ಅಂತ ಬಿಡಿಸಿ ನೋಡಬೇಕು. ಎನ್‌ಎಫ್‌ಡಿಸಿ ಚಿತ್ರ ಮಾಡಲು ಹಣ ಕೊಡುತ್ತಿತ್ತು. ಅದನ್ನು ಥಿಯೇಟರಿಗೆ ತಲುಪಿಸುವ ಹಂಚಿಕೆಯ ಬಲ ಅದರ ಹತ್ತಿರ ಇರಲಿಲ್ಲ. ಆ ಕಾಲದ ಬಹುಪಾಲು ಪರ್ಯಾಯ ಚಿತ್ರಗಳ ಕಾಯಿಲೆಯೇ ಇದು.

ಎರಡನೆಯದು, ಪ್ರದರ್ಶಕನ ಲೆಕ್ಕ. ಅದೇ ವರ್ಷ ‘ಕೂಲಿ’, ‘ಹಿಮ್ಮತ್‌ವಾಲಾ’ ಬಂದಿವೆ. ಇಲ್ಲಿ ನಾಯಕಿ ಜೊತೆ ಡ್ಯೂಯೆಟ್ ಇಲ್ಲ, ರೇಡಿಯೊಗೆ ಕೊಡುವ ಹಾಡಿಲ್ಲ. ಇರುವ ಒಂದೇ ಹಾಡು ಶಾಲೆಮಕ್ಕಳು ಪ್ರಾರ್ಥನೆಯಲ್ಲಿ ಹಾಡುವ ‘ಹಮ್ ಹೋಂಗೇ ಕಾಮ್‌ಯಾಬ್’. ಆಗಿನ ಹಿಂದಿ ಚಿತ್ರಕ್ಕೆ ಮುಂಗಡ ಪ್ರಚಾರ ಅಂದರೆ ಹಾಡೇ, ಅದಿಲ್ಲದೆ ಪೋಸ್ಟರ್ ಅಂಟಿಸಿ ಏನು ಪ್ರಯೋಜನ?

ಮೂರನೆಯದೇ ದೊಡ್ಡದು. ನಸೀರುದ್ದೀನ್ ಶಾ, ಓಂ ಪುರಿ, ಪಂಕಜ್ ಕಪೂರ್ ಹೆಸರು ನೋಡಿದವನು ‘ಓಹೋ, ಬರಗಾಲ, ಜಮೀನ್ದಾರ, ಮೌನ’ ಅಂದುಕೊಳ್ಳುತ್ತಾನೆ. ನಸೀರ್ ಅದೇ ವರ್ಷ ‘ಮಾಸೂಮ್’, ‘ಮಂಡಿ’ಯಲ್ಲಿದ್ದಾರೆ, ಓಂ ಪುರಿ ‘ಅರ್ಧ್ ಸತ್ಯ’ದಲ್ಲಿ. ಆ ಮುಖಗಳು ಹೆಣಕ್ಕೆ ಚಕ್ರ ಕಟ್ಟಿ ಓಡಿಸುತ್ತವೆ ಅಂತ ಯಾರು ಊಹಿಸಿಯಾರು? ನಗಬೇಕು ಅಂತ ಬರುವವನು ಬರಲಿಲ್ಲ. ಬಂದವನಿಗೆ ನಗಬಹುದಾ ಅನ್ನೋ ಅನುಮಾನ.

ಸಿಮೆಂಟು ಮೂಟೆ

ಇದು ‘ಅಸಂಗತ ಹಾಸ್ಯ’, ‘ಲಾಜಿಕ್ ಹುಡುಕಬೇಡಿ’ ಅನ್ನೋರಿಗೆ ಒಂದು ಮಾತು. ಇದರಲ್ಲಿ ಇರೋವಷ್ಟು ಲಾಜಿಕ್ ಆ ಕಾಲದ ಪತ್ರಿಕೆಗಳ ಮುಖಪುಟದಲ್ಲೂ ಇತ್ತು. 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಲೆ ರಾಜೀನಾಮೆ ಕೊಟ್ಟದ್ದು ಯಾವುದಕ್ಕೆ? ಸಿಮೆಂಟಿಗೆ. ಸಿಮೆಂಟು ಆಗ ನಿಯಂತ್ರಿತ ಸರಕು, ಕೋಟಾ ಬೇಕಿತ್ತು. ಬಿಲ್ಡರುಗಳಿಗೆ ಕೋಟಾ, ಬದಲಿಗೆ ಟ್ರಸ್ಟುಗಳಿಗೆ ದೇಣಿಗೆ ಅನ್ನೋ ಆರೋಪ. ಚಿತ್ರ ಬಂದದ್ದು ಅದಾದ ಒಂದೂವರೆ ವರ್ಷಕ್ಕೆ.

ಆ ಕಣ್ಣಿನಿಂದ ಕತೆ ನೋಡಿ. ಫೋಟೊ ಸ್ಟುಡಿಯೊ ಇಟ್ಟಿರೋ ವಿನೋದ್ (ನಸೀರುದ್ದೀನ್ ಶಾ), ಸುಧೀರ್ (ರವಿ ಬಸ್ವಾನಿ) ಅಂತ ಇಬ್ಬರು ಬಡಪಾಯಿಗಳು. ಎದುರಿಗೆ ತರ್ನೇಜಾ (ಪಂಕಜ್ ಕಪೂರ್), ಅಹುಜಾ (ಓಂ ಪುರಿ) ಅಂತ ಇಬ್ಬರು ಬಿಲ್ಡರುಗಳು. ಮಧ್ಯೆ ಮುನಿಸಿಪಲ್ ಕಮಿಷನರ್ ಡಿಮೆಲ್ಲೊ (ಸತೀಶ್ ಶಾ). ಫ್ಲೈಓವರ್ ಒಂದು. ಕಮಿಷನರ್ ಕೊಲೆಯಾಗುತ್ತಾನೆ, ಕೊಂದವನೇ ಅವನ ಹೆಸರನ್ನು ಸೇತುವೆಗೆ ಇಟ್ಟು ಶ್ರದ್ಧಾಂಜಲಿ ಭಾಷಣ ಮಾಡುತ್ತಾನೆ. ಸೇತುವೆ ಕುಸಿಯುತ್ತದೆ. ಇದರಲ್ಲಿ ಅಸಂಗತ ಯಾವುದು? ಶವಪೆಟ್ಟಿಗೆ ರಸ್ತೆ ಮೇಲೆ ಓಡೋದು ಬಿಟ್ಟರೆ ಮಿಕ್ಕಿದ್ದೆಲ್ಲ ಟೆಂಡರು ಕಡತ.

ಡಿಮೆಲ್ಲೊನ ಗಟಾರದ ಭಾಷಣ ಕೇಳಿ. ದೇಶದ ಪ್ರಗತಿ ಅಳೆಯೋದು ಗಟಾರದಿಂದ ಅಂತಾನೆ. ನಗು ಬರೋದು ಅವನು ಸುಳ್ಳು ಹೇಳೋದಕ್ಕಲ್ಲ, ನಿಜ ಹೇಳೋದಕ್ಕೆ. ಒಳಚರಂಡಿ ಸರಿಯಿದ್ದರೆ ಊರು ಸರಿಯಿದ್ದ ಹಾಗೇ ತಾನೆ? ಆ ನಿಜ ಹೇಳ್ತಿರೋ ಬಾಯಿ ಯಾರದು ಅನ್ನೋದರಲ್ಲಿ ವ್ಯಂಗ್ಯ.

ಹಾರ್ಮೋನಿಯಂ ಮೇಷ್ಟ್ರು

ಸ್ವಾಮಿ, ಮಹಾಭಾರತದ ಸೀನಿಗೆ ‘ಇಳಿಸಿಬಿಟ್ಟಿದ್ದೇವೆ’ ಅಂತೀರಿ. ಮೊದಲು ಆ ಸೀನು ಹೆಂಗೆ ಕಟ್ಟವ್ರೆ ನೋಡಣ. ಕಾಲೇಜು ಡೇಗಳಲ್ಲಿ ಇದನ್ನ ಎತ್ತಿ ಆಡೋರು ಹತ್ತಕ್ಕೆ ಒಂಬತ್ತು ಜನ ಕೆಡಿಸ್ತಾರೆ, ಕೆಡೋದೂ ಒಂದೇ ಜಾಗದಲ್ಲಿ.

ಮೊದಲನೇ ಗಂಟು: ದ್ರೌಪದಿ ಸೀರೆಯೊಳಗೆ ಇರೋದು ಡಿಮೆಲ್ಲೊನ ಹೆಣ. ಸೀರೆ ಎಳೆದರೆ ಗುಟ್ಟು ಬಯಲು. ಅಂದ್ರೆ ವಸ್ತ್ರಾಪಹರಣದ ನಾಟಕದಲ್ಲಿ ವಸ್ತ್ರಾಪಹರಣವೇ ಆಗಬಾರದು. ಎಲ್ಲಾ ಹಾಸ್ಯ ಈ ಒಂದು ಷರತ್ತಿನಿಂದ ಹುಟ್ಟೋದು. ದುರ್ಯೋಧನ ಇದ್ದಕ್ಕಿದ್ದಂಗೆ ಸದ್ಗುಣಿ ಆಗಿ, ಇಂಥಾ ಸತಿಯನ್ನ ನೋಡಿ ಸೀರೆ ಎಳೆಯೋ ಐಡಿಯಾ ಡ್ರಾಪ್ ಮಾಡಿದೀನಿ ಅನ್ನೋದು ಅದಕ್ಕೇ. ಪೌರಾಣಿಕ ಹಿಂದಿ ನಡುವೆ ಆ ‘ಐಡಿಯಾ ಡ್ರಾಪ್’ ಬೀಳೋ ಜಾಗ ನೋಡಿ, ತಾಳದ ಮೇಲೇ ಬೀಳುತ್ತೆ.

ಎರಡನೇ ಗಂಟು: ನಿಜವಾದ ನಾಟಕದವರು. ಅವರಿಗೆ ಹೆಣವೂ ಗೊತ್ತಿಲ್ಲ, ಕೊಲೆಯೂ ಗೊತ್ತಿಲ್ಲ. ನಾಟಕ ಮುಂದಕ್ಕೆ ಹೋಗಬೇಕು ಅಷ್ಟೆ. ಗದೆ ಎತ್ತೋ ಭೀಮನಿಗೆ ‘ಶಾಂತ’ ಅಂತ ಸಮಾಧಾನ ಹೇಳ್ತಾನೇ ಇರ್ತಾರೆ. ಕಾಲೇಜಿನವರು ಇಲ್ಲೇ ಎಡವೋದು. ಎಲ್ಲರೂ ತಮಾಷೆ ಮಾಡೋಕೆ ನಿಲ್ತಾರೆ. ರಂಗದ ಮೇಲೆ ಕನಿಷ್ಠ ಮೂರು ಜನಕ್ಕೆ ಇದು ನಗೆನಾಟಕ ಅನ್ನೋದೇ ಗೊತ್ತಿರಬಾರದು. ಅವರು ಗಂಭೀರವಾಗಿ ನಿಂತಷ್ಟೂ ಬೇರೆಯವರು ಎಬ್ಬಿಸೋ ಗಲಾಟೆಗೆ ತೂಕ ಬರುತ್ತೆ.

ಮೂರನೇ ಗಂಟು ಧೃತರಾಷ್ಟ್ರ. ಕುರುಡ. ಏನಾಗ್ತಿದೆ ಇಲ್ಲಿ ಅಂತ ಕೇಳ್ತಾನೇ ಇರ್ತಾನೆ. ಪಾತ್ರಕ್ಕೆ ಅದು ಸಹಜವಾದ ಮಾತು, ಅದೇ ಪ್ರೇಕ್ಷಕನ ಪ್ರಶ್ನೆಯೂ ಹೌದು. ಇದನ್ನ ಸುಮ್ಮನೆ ಪಲ್ಲವಿ ಥರ ಒಂದೇ ರಾಗದಲ್ಲಿ ಹೇಳಿದ್ರೆ ಸತ್ತೋಯ್ತದೆ. ಪ್ರತಿ ಸಲ ಒಂದು ಮೆಟ್ಟಿಲು ಮೇಲೆ ಹೋಗಬೇಕು. ಕೊನೆಗೆ ಅಕ್ಬರ್, ಸಲೀಂ, ಅನಾರ್ಕಲಿ ನುಗ್ಗೋ ಹೊತ್ತಿಗೆ ಆ ಪ್ರಶ್ನೆ ಆರ್ತನಾದ ಆಗಿರಬೇಕು.

ಇನ್ನು ಅಹುಜಾ. ಕಪ್ಪು ಕನ್ನಡಕ ತೆಗೆಯದೇ ಪಾಂಡವ ಆಗಿ ಬಂದು, ದ್ರೌಪದಿ ಒಬ್ಬನ ಸೊತ್ತಲ್ಲ, ನಾವೆಲ್ಲ ಷೇರ್‌ಹೋಲ್ಡರ್‌ಗಳು ಅಂತಾನೆ. ಮಂಡ್ಯ, ತುಮಕೂರು ಕಡೆ ಕುರುಕ್ಷೇತ್ರ ಆಡೋರಿಗೆ ಈ ಮಾತು ಬೇರೆ ಥರ ತಟ್ಟುತ್ತೆ. ಹಳ್ಳಿ ನಾಟಕದಲ್ಲಿ ಪಾತ್ರಕ್ಕೆ ದುಡ್ಡು ಕಟ್ಟಬೇಕು, ದುರ್ಯೋಧನನ ಪಾತ್ರಕ್ಕೆ ಜಾಸ್ತಿ. ಕಟ್ಟಿದವನು ರಂಗ ಬಿಟ್ಟು ಇಳಿಯಲ್ಲ. ಷೇರ್‌ಹೋಲ್ಡರ್ ಪಾಂಡವ ನಮಗೆ ಹೊಸಬ ಏನಲ್ಲ.

ಕಡಲತಡಿ ಪ್ರೇಕ್ಷಕ

ಮೇಷ್ಟ್ರು ಹೇಳಿದ್ದು ಸರಿ ಮಾರಾಯ್ರೆ. ಆದ್ರೆ ಆ ಸೀನಿಗೆ ಮುಟ್ಟುವುದಕ್ಕೆ ಮುಂಚೆ ಒಂದೂವರೆ ಗಂಟೆ ಉಂಟಲ್ಲ, ಅದರ ಬಗ್ಗೆ ಯಾರೂ ಬಾಯಿ ಬಿಡುದಿಲ್ಲ. ಭಕ್ತಿಯಿಂದ ನೋಡಿದ್ರೆ ಎಲ್ಲವೂ ಚಂದ. ನನ್ನ ಲೆಕ್ಕದಲ್ಲಿ ತಪ್ಪುಗಳು ಹೀಗೆ.

ಬ್ಯೂಟಿ ಫೋಟೊ ಸ್ಟುಡಿಯೊ ತೆರೆದು ಗಿರಾಕಿ ಇಲ್ಲದೆ ನೊಣ ಹೊಡೆಯುವ ಭಾಗ ಚುರುಕಾಗಿದೆ. ಸಂಪಾದಕಿ ಶೋಭಾಳ ‘ಖಬರ್‌ದಾರ್’ ಪತ್ರಿಕೆ ಇವರಿಗೆ ಕೆಲಸ ಕೊಟ್ಟ ಮೇಲೆ ವೇಷ ಹಾಕಿ ಒಳನುಗ್ಗುವುದು, ಕದ್ದು ಕೇಳುವುದು, ತಪ್ಪಿಸಿಕೊಳ್ಳುವುದು. ಒಂದೇ ಸರಕು ಮೂರು ಸಲ ಬರ್ತದೆ. ಒಂದೇ ಕೋಣೆಯಲ್ಲಿ ಬೆನ್ನುಬೆನ್ನಿಗೆ ನಿಂತು ಇಬ್ಬರು ಫೋನಲ್ಲಿ ಮಾತಾಡುವ ಸೀನು ಎಲ್ಲರ ಪಟ್ಟಿಯಲ್ಲೂ ಉಂಟು. ಕಲ್ಪನೆ ಅದ್ಭುತ. ಆದರೆ ಗುಟ್ಟು ಪ್ರೇಕ್ಷಕನಿಗೆ ಮೊದಲ ಅರ್ಧ ನಿಮಿಷಕ್ಕೇ ಗೊತ್ತಾಗ್ತದೆ, ಮತ್ತೆ ಹೊಸ ತಿರುವು ಕೊಡದೆ ಎಳೆದಿದ್ದಾರೆ. ಫೋನಿನ ವಯರು ಸುತ್ತಿಕೊಳ್ಳುವುದು ಒಂದು ಬಚಾವ್. ಬುರ್ಖಾ ಹಾಕಿ ಓಡುವ ಬೆನ್ನಟ್ಟುವಿಕೆ ಆಗಿನ ಕಾಲಕ್ಕೇ ಹಳಸಿದ ಸರಕು.

ಹೆಣದ ವಿಷಯ ಬೇರೆ. ಸತ್ತ ಎರಡರಿಂದ ಆರು ಗಂಟೆಯೊಳಗೆ ಸ್ನಾಯು ಸೆಟೆಯಲು ಶುರು, ಹನ್ನೆರಡು ಗಂಟೆಗೆ ಪೂರ್ತಿ ಕೊರಡು, ಎರಡು ದಿನಕ್ಕೆ ಸಡಿಲ, ಆಮೇಲೆ ಮುಂಬೈ ಸೆಕೆಗೆ ಮೂಗು ಬಿಡುವ ಹಾಗಿಲ್ಲ. ಇಲ್ಲಿ ಡಿಮೆಲ್ಲೊ ಹೂತು ತೆಗೆದ ಮೇಲೂ ಬೆಳಗ್ಗೆ ಸ್ನಾನ ಮಾಡಿ ಬಂದವನ ಹಾಗೆ ಇದ್ದಾನೆ!

ಮೂರನೇ ಬೆಲ್

ಕಡಲತಡಿಯವರೆ, ಹೆಣದ ವೈದ್ಯಶಾಸ್ತ್ರ ಒಪ್ಪಿದೆ, ಆದರೆ ಹೆಣ ಕೊಳೆಯದೆ ಇರುವುದೇ ಇಲ್ಲಿನ ಮರ್ಮ. ಡಿಮೆಲ್ಲೊ ಬದುಕಿದ್ದಾಗಲೂ ಕಡತಕ್ಕೆ ರುಜು ಹಾಕುವ ಕೈ ಮಾತ್ರ. ಸತ್ತ ಮೇಲೂ ಅವನ ಬೆಲೆ ಕಡಿಮೆಯಾಗುವುದಿಲ್ಲ, ಏರುತ್ತದೆ. ಅವನು ಕೊಳೆತರೆ ಅಲ್ಲಿಗೆ ಕತೆ ಮುಗಿಯಿತು. ಸತೀಶ್ ಶಾ ಆ ಹೆಣವನ್ನು ಆಡಿದ ರೀತಿ ನೋಡಿ, ಮುಖದಲ್ಲಿ ಒಂದು ಅಧಿಕಾರಿಯ ಅಸಡ್ಡೆ ಉಳಿದೇ ಇದೆ. ಕುಡಿದ ಅಹುಜಾ ಶವಪೆಟ್ಟಿಗೆಯನ್ನು ಕೆಟ್ಟು ನಿಂತ ಕಾರು ಅಂದುಕೊಂಡು, ಒಳಗಿದ್ದವನನ್ನು ಮಾತಾಡಿಸಿ, ತನ್ನ ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಾನಲ್ಲ, ಓಂ ಪುರಿ ಒಬ್ಬರೇ ಮಾತಾಡುವ ಆ ಸೀನು ಎರಡು ಪಾತ್ರಗಳ ಸಂಭಾಷಣೆಯಂತೆ ನಡೆಯುತ್ತದೆ. ಎದುರಿಗಿರುವ ಹೆಣ ಉತ್ತರ ಕೊಡದೆ ಇರುವುದೂ ಅಧಿಕಾರಿಯ ಗತ್ತಿನಂತೆ ಕಾಣುತ್ತದೆ.

ಇನ್ನೊಂದು ಕೊಂಡಿ. ಫೋಟೊದಲ್ಲಿ ಕೊಲೆ ಸಿಗುವುದು ‘ಆಂಟೋನಿಯೊನಿ ಪಾರ್ಕ್’ನಲ್ಲಿ. ಇಟಲಿಯ ನಿರ್ದೇಶಕ ಆಂಟೋನಿಯೊನಿಯ 1966ರ ಚಿತ್ರ ‘ಬ್ಲೋ-ಅಪ್’ಗೆ ಇದು ನಮಸ್ಕಾರ ಅಂತ ಎಲ್ಲರೂ ಹೇಳಿ ಮುಂದೆ ಹೋಗುತ್ತಾರೆ. ನಮಸ್ಕಾರವಲ್ಲ, ವಾದ. ಆಂಟೋನಿಯೊನಿಯ ಛಾಯಾಗ್ರಾಹಕ ಫೋಟೊ ಹಿಗ್ಗಿಸಿದಷ್ಟೂ ಹೆಣ ಬರೀ ಚುಕ್ಕಿಗಳಾಗುತ್ತದೆ, ಕೊನೆಗೆ ಪಾರ್ಕಿನಲ್ಲೂ ಇರುವುದಿಲ್ಲ, ಕಂಡದ್ದು ನಿಜವೇ ಅನ್ನುವ ಸಂಶಯ ಉಳಿಯುತ್ತದೆ. ಕುಂದನ್ ಶಾ ಅವರ ಬೊಂಬಾಯಿಯಲ್ಲಿ ಹೆಣದ ಬಗ್ಗೆ ಯಾರಿಗೂ ಸಂಶಯವಿಲ್ಲ. ಎಲ್ಲರಿಗೂ ಅದು ಬೇಕು. ಕೊಂದವನಿಗೆ, ಪ್ರತಿಸ್ಪರ್ಧಿಗೆ, ಬ್ಲ್ಯಾಕ್‌ಮೇಲ್ ಮಾಡುವ ಸಂಪಾದಕಿಗೆ. ಸತ್ಯ ಕಣ್ಣೆದುರೇ ಇದೆ, ಅದಕ್ಕೆ ರೇಟು ಕಟ್ಟುವುದೊಂದೇ ಬಾಕಿ.

ಡಾರ್ಕ್‌ರೂಮ್ ದೀಪ

ಹಿಗ್ಗಿಸೋ ವಿಷಯ ಬಂತಲ್ಲ, ಒಂದು ತಾಂತ್ರಿಕ ಟಿಪ್ಪಣಿ. 35 ಎಂಎಂ ನೆಗೆಟಿವ್ ಅಂದ್ರೆ 24×36 ಮಿಲಿಮೀಟರ್. ಅದನ್ನ 8×10 ಇಂಚಿನ ಕಾಗದಕ್ಕೆ ಏರಿಸಿದರೆ ಎಂಟೂವರೆ ಪಟ್ಟು. ಅಷ್ಟಕ್ಕೆ ಚಿತ್ರ ಚೊಕ್ಕವಾಗಿರುತ್ತೆ. ಮೂಲೆಯಲ್ಲಿರೋ ಒಬ್ಬ ಮನುಷ್ಯನ ಮುಖ ಗುರುತು ಹಿಡಿಯೋಕೆ ಅದರ ನಾಲ್ಕೈದು ಪಟ್ಟು ಬೇಕು, ಆಗ ಕಾಣೋದು ಮುಖ ಅಲ್ಲ, ಬೆಳ್ಳಿಕಣದ ಗುಳ್ಳೆಗಳು. ಚಿತ್ರದಲ್ಲಿ ತರ್ನೇಜಾ ಸಲೀಸಾಗಿ ಸಿಕ್ಕಿಬೀಳ್ತಾನೆ. ಇದನ್ನ ತಪ್ಪು ಅಂತ ಹೇಳ್ತಿಲ್ಲ. ಆಂಟೋನಿಯೊನಿಗೆ ಗುಳ್ಳೆ ಬೇಕಿತ್ತು, ಇವರಿಗೆ ಮುಖ ಬೇಕಿತ್ತು, ಮೇಲಿನ ವಾದಕ್ಕೆ ಇದೂ ಸಾಕ್ಷಿ.

ಅಂದಹಾಗೆ ಚಿತ್ರದಲ್ಲಿ ಬಳಸಿದ ಕ್ಯಾಮೆರಾ ನಸೀರುದ್ದೀನ್ ಶಾ ಅವರದೇ ನಿಕಾನ್. ಚಿತ್ರೀಕರಣದ ವೇಳೆ ಕಳುವಾಯ್ತು. ಏಳು ಲಕ್ಷದ ಬಜೆಟ್ ಅಂದರೆ ಪಾತ್ರದ ಕೈಗೆ ಕೊಡೋ ಸಾಮಾನೂ ನಟನ ಮನೆಯಿಂದಲೇ.

ಗಲ್ಲಾಪೆಟ್ಟಿಗೆ

ಮೊದಲರ್ಧ ಸಡಿಲ ಅನ್ನುವವರಿಗೆ: ಈಗಿರುವುದು ಕತ್ತರಿಸಿ ಉಳಿದದ್ದು. ಅನುಪಮ್ ಖೇರ್ ‘ಡಿಸ್ಕೊ ಕಿಲ್ಲರ್’ ಅಂತ ಒಂದು ಪಾತ್ರವನ್ನೇ ಮಾಡಿದ್ದರು, ಅದಷ್ಟೂ ಹಾರಿಹೋಯಿತು. ಸಂಕಲನ ರೇಣು ಸಲೂಜಾ ಅವರದು. ಹಾಸ್ಯಕ್ಕೆ ನಿರ್ದೇಶಕನಿಗಿಂತ ಕತ್ತರಿ ಹಿಡಿದವರ ಕೈ ಮುಖ್ಯ ಅನ್ನುವುದಕ್ಕೆ ಮಹಾಭಾರತದ ಸೀನು ಮತ್ತೊಮ್ಮೆ ನೋಡಿ. ನಗು ಎದ್ದ ಕೂಡಲೇ ಕಟ್ ಆಗುವುದಿಲ್ಲ. ಚಿತ್ರದೊಳಗಿನ ಸಭಿಕರ ನಗುವಿಗೆ ಒಂದು ಉಸಿರು ಬಿಟ್ಟು ಮುಂದಿನ ಗಲಾಟೆ. ನಗೋಕೆ ಅನುಮಾನಪಡುವ ಪ್ರೇಕ್ಷಕನಿಗೆ ಆ ಸಭಿಕರೇ ಪರವಾನಗಿ.

ಟೀವಿ ಕತೆಗೂ ಒಂದು ತಿದ್ದುಪಡಿ. ದೂರದರ್ಶನ ಈ ಚಿತ್ರವನ್ನು ತೋರಿಸಿತು, ಜನ ಎದ್ದು ಕುಣಿದರು ಅಂತಲ್ಲ. ನಡುವೆ ಜನರ ಕಿವಿ ಪಳಗಿತು. 1984ರಲ್ಲಿ ‘ಯೇ ಜೋ ಹೈ ಜಿಂದಗಿ’ ಧಾರಾವಾಹಿ ಶುರುವಾಯಿತು. ನಿರ್ದೇಶಕರಲ್ಲಿ ಕುಂದನ್ ಶಾ ಒಬ್ಬರು, ಸತೀಶ್ ಶಾ ಕಂತಿಗೊಂದು ವೇಷ. 1986ರಲ್ಲಿ ‘ನುಕ್ಕಡ್’. 1988ರಲ್ಲಿ ‘ವಾಗ್ಲೆ ಕಿ ದುನಿಯಾ’, ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಪಾತ್ರಗಳ ಮೇಲೆ ಕಟ್ಟಿದ್ದು. ಸಂಪಾದಕಿ ಶೋಭಾ ಆಗಿರುವ ಭಕ್ತಿ ಬರ್ವೆ ಮರಾಠಿ ರಂಗಭೂಮಿಯ ದೊಡ್ಡ ನಟಿ, ಮುಂಬೈ ದೂರದರ್ಶನದ ಮುಖವೂ ಆಗಿದ್ದರು. ಆಗ ಬಹುತೇಕ ಕಡೆ ಇದ್ದದ್ದು ಒಂದೇ ಚಾನೆಲ್. ಥಿಯೇಟರಿನಲ್ಲಿ ‘ಇದೆಂಥ ಚಿತ್ರ’ ಅಂದಿದ್ದವರ ಮನೆಗೆ ಅದೇ ಮುಖಗಳು ವಾರವಾರ ಬಂದವು. ಆಮೇಲೆ ಚಿತ್ರ ಹಳೇ ನೆಂಟರ ಮನೆಯ ಗಲಾಟೆಯಂತೆ ಕಂಡಿತು.

ಧಾರವಾಡ ಪೇಡೆ

ಅಲ್ರೀ, ಎಲ್ಲಾ ಖರೇ. ಆದ್ರ ಇದರಿಂದನ ಆದ ನುಕ್ಸಾನೂ ಹೇಳ್ರಿ. ಟೀವಿ ಧಾರಾವಾಹಿಯ ಮೆತ್ತನ್ನ ನಗಿ ಒಳಗ ಈ ಚಿತ್ರಾನೂ ಸೇರಿಸಿಬಿಟ್ರು. ವಾಗ್ಲೆ ಸಣ್ಣ ಮನಶ್ಯಾ, ಸಂಜೀಕ ಮನೀಗೆ ಬಂದು ಚಹಾ ಕುಡೀತಾನ. ವಿನೋದ, ಸುಧೀರಗ ಮನೀನ ಇಲ್ಲ. ಎರಡೂ ಒಂದ ತಕ್ಕಡಿಯೊಳಗ ಹಾಕಿದ್ರ ಹ್ಯಾಂಗ?

ಕನ್ನಡದಾಗ ಇದರ ಹತ್ತರ ಬರೋದು ‘ಉದ್ಭವ’, 1990. ಬಿ.ವಿ. ವೈಕುಂಠರಾಜು ಅವರ ಕಾದಂಬರಿ, ಕೋಡ್ಲು ರಾಮಕೃಷ್ಣ ನಿರ್ದೇಶನ, ಅನಂತನಾಗ್. ರಸ್ತೆ ಅಗಲ ಮಾಡೋ ಕೆಲಸದ ನಡುವ ಗಣಪತಿ ‘ಉದ್ಭವ’ ಆಗ್ತಾನ. ಅಲ್ಲೆ ಸೇತುವೆ ಮತ್ತ ಹೆಣ, ಇಲ್ಲೆ ರಸ್ತೆ ಮತ್ತ ದೇವರು. ಎರಡರೊಳಗೂ ನಿಜವಾದ ಖಳನಾಯಕ ಮುನಿಸಿಪಾಲ್ಟಿ ನಕ್ಷೆ. ಫರಕು ಏನಪಾ ಅಂದ್ರ, ನಮ್ಮ ಚಿತ್ರದಾಗ ನಗಿಸಾಂವನ ಚಾಲಾಕ, ಅವನ ಆಟಾ ನೋಡಿ ನಗತೇವಿ. ಹಿಂದಿಯೊಳಗ ನಗಿಸೋ ಇಬ್ಬರೂ ದಡ್ಡರು, ಅವರನ್ನ ಜಗತ್ತು ಆಟಾ ಆಡಸ್ತದ. ಅದಕ್ಕ ಅದು ಭಾಳ ಕಹಿ.

ಕಡಲತಡಿ ಪ್ರೇಕ್ಷಕ

ಕಹಿ ಅಂತಲೇ ನನ್ನ ಇನ್ನೊಂದು ಆಕ್ಷೇಪ. ಎಲ್ಲರೂ ಕಳ್ಳರು, ಪತ್ರಕರ್ತೆಯೂ ಕಳ್ಳಿ, ಪೊಲೀಸರೂ ಪಾಲುದಾರರು. ಹೀಗೆ ಎಲ್ಲರನ್ನೂ ಒಂದೇ ಬಣ್ಣದಲ್ಲಿ ಅದ್ದಿದರೆ ವ್ಯಂಗ್ಯ ಮೊಂಡಾಗ್ತದೆ. ‘ಎಲ್ಲರೂ ಅಷ್ಟೇ’ ಅನ್ನುವುದು ಸೋಮಾರಿಯ ರಾಜಕೀಯ ಅಲ್ವಾ?

ಸಿಮೆಂಟು ಮೂಟೆ

ಎಲ್ಲರೂ ಅಷ್ಟೇ ಅಂತ ಚಿತ್ರ ಹೇಳಲ್ಲ. ಇಬ್ಬರು ಹಾಗಿಲ್ಲ, ಅವರೇ ಜೈಲಿಗೆ ಹೋಗೋದು. ಮಹಾಭಾರತದ ಗಲಾಟೆ ಮುಗಿದು ಪೊಲೀಸರು ಬಂದ ಮೇಲೆ ಏನಾಗುತ್ತೆ? ಬಿಲ್ಡರು, ಅಧಿಕಾರಿ, ಸಂಪಾದಕಿ ಎಲ್ಲಾ ಒಂದಾಗಿ ರಾಜಿ ಮಾಡ್ಕೊತಾರೆ. ಸೇತುವೆ ಬೀಳಿಸಿದ ಅಪರಾಧ ಫೋಟೊಗ್ರಾಫರುಗಳ ತಲೆಗೆ. ‘ಜಾನೇ ಭಿ ದೋ ಯಾರೋ’ ಅಂದ್ರೆ ‘ಹೋಗ್ಲಿ ಬಿಡ್ರಪ್ಪ’. ಅದು ರಾಜಿ ಪಂಚಾಯ್ತಿಯ ಭಾಷೆ. ನಾವೇ ದಿನಕ್ಕೆ ಹತ್ತು ಸಲ ಹೇಳ್ತೀವಿ. 2015ರಲ್ಲಿ ಕುಂದನ್ ಶಾ ಇದೇ ಚಿತ್ರಕ್ಕೆ ಬಂದ ರಾಷ್ಟ್ರಪ್ರಶಸ್ತಿಯನ್ನ ಪ್ರತಿಭಟಿಸಿ ವಾಪಸ್ ಕೊಟ್ಟಾಗ ‘ಕಾಮಿಡಿ ಡೈರೆಕ್ಟರಿಗೆ ರಾಜಕೀಯ ಯಾಕೆ’ ಅಂದೋರು ಯಾವ ಚಿತ್ರ ನೋಡಿದ್ರೋ.

ರೀಲು ಡಬ್ಬಿ

ಫಿಲ್ಮ್ ಸೊಸೈಟಿಯಲ್ಲಿ ತೋರಿಸುವವರಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು.

2012ರ ನವೆಂಬರ್‌ನಲ್ಲಿ ಎನ್‌ಎಫ್‌ಡಿಸಿ ದುರಸ್ತಿ ಮಾಡಿದ ಪ್ರತಿಯನ್ನು ಥಿಯೇಟರಿಗೆ ಬಿಟ್ಟಿತು. ತೋರಿಸುವುದಾದರೆ ಅದನ್ನೇ ಕೇಳಿ ಪಡೆಯಿರಿ. ಟೀವಿಯಿಂದ ಇಳಿಸಿದ ಹಳೇ ಪ್ರತಿಗಳಲ್ಲಿ ರಾತ್ರಿಯ ಸೀನುಗಳು ಮಸಿ, ಸಮಾಧಿ ಅಗೆಯುವಲ್ಲಿ ಯಾರು ಎಲ್ಲಿದ್ದಾರೆ ಅಂತ ತಿಳಿಯುವುದಿಲ್ಲ. ಶಬ್ದ ಇನ್ನೂ ಮುಖ್ಯ. ಮಹಾಭಾರತದ ಸೀನಿನಲ್ಲಿ ಮೂರ್ನಾಲ್ಕು ಮಂದಿ ಒಟ್ಟಿಗೆ ಕಿರುಚುತ್ತಾರೆ, ಸ್ಪೀಕರ್ ಒಡೆದರೆ ಅರ್ಧ ಹಾಸ್ಯ ಹೋಯಿತು. ಮಟ್ಟ ಹೊಂದಿಸುವಾಗ ಮೊದಲ ರೀಲಲ್ಲ, ಆ ಸೀನನ್ನೇ ಹಾಕಿ ನೋಡಿ.

ಪ್ರಚಾರಕ್ಕೆ ಆ ಸೀನಿನ ತುಣುಕು ಹಂಚಬೇಡಿ. ಹಂಚಿದರೆ ಜನ ಅದಕ್ಕೇ ಕಾಯುತ್ತಾರೆ, ಅದಾದ ಮೇಲೆ ಚಪ್ಪಲಿ ಹುಡುಕುತ್ತಾರೆ. ಕುಡಿದ ಅಹುಜಾನ ತುಣುಕು ಹಂಚಿ, ಸಾಕು.

ಕನ್ನಡ ಅಡಿಬರಹ (ಸಬ್‌ಟೈಟಲ್) ಮಾಡುವುದಾದರೆ ‘ಆಲ್ಬರ್ಟ್ ಪಿಂಟೊಗೆ ಕೋಪ ಯಾಕೆ ಬರುತ್ತೆ’ ಅಂತ ಚಿತ್ರದಲ್ಲಿ ಬಳಸುವ ಗುಪ್ತಸಂಕೇತವನ್ನು ಅನುವಾದಿಸಬೇಡಿ, ಅದು 1980ರ ಚಿತ್ರದ ಹೆಸರು, ನಸೀರುದ್ದೀನ್ ಶಾ ಅವರದೇ. ಹಿಂದಿ ಹೆಸರು ಹಾಗೇ ಇಟ್ಟರೆ ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದವರಿಗೆ ಅದು ವಿಚಿತ್ರ ಸಂಕೇತವಾಗಿ ಉಳಿಯುತ್ತದೆ, ನಷ್ಟವಿಲ್ಲ. ನಾಟಕದ ಮಾತುಗಳನ್ನು ಹಳಗನ್ನಡದ ಛಾಯೆಯ ಕಂಪನಿ ನಾಟಕದ ಭಾಷೆಗೆ ತನ್ನಿ: ‘ಎಲೈ ಭ್ರಾತೃವೇ’ ಅನ್ನುವ ಮಟ್ಟ. ‘ಐಡಿಯಾ ಡ್ರಾಪ್’, ‘ಷೇರ್‌ಹೋಲ್ಡರ್’ ಎರಡನ್ನೂ ಮುಟ್ಟಬೇಡಿ. ‘ಪಾಲುದಾರ’ ಅಂತ ಮಾಡಿದರೆ ಅದು ಪುರಾಣದ ಭಾಷೆಯಲ್ಲೇ ಕರಗಿ, ನಗು ಹುಟ್ಟುವುದಿಲ್ಲ.

ಹಾರ್ಮೋನಿಯಂ ಮೇಷ್ಟ್ರು

‘ಎಲೈ ಭ್ರಾತೃವೇ’ ಸರಿ. ಆದ್ರೆ ಅಡಿಬರಹ ಎರಡು ಸಾಲು ಮೀರಬಾರದು, ಆ ವೇಗದಲ್ಲಿ ಮೂರನೇ ಸಾಲು ಓದೋ ಹೊತ್ತಿಗೆ ಅಕ್ಬರ್ ಬಂದಿರ್ತಾನೆ. ಕೊನೇ ಹಾಡು ‘ಹಮ್ ಹೋಂಗೇ ಕಾಮ್‌ಯಾಬ್’ಗೆ ಏನು ಮಾಡ್ತೀರಿ?

ರೀಲು ಡಬ್ಬಿ

ಅನುವಾದ ಬೇಡ. ‘ಗೆದ್ದೇ ಗೆಲ್ಲುವೆವು ಒಂದು ದಿನ’ ಅಂತ ಕನ್ನಡದಲ್ಲಿ ಹಾಡುತ್ತೇವಲ್ಲ, ಅದನ್ನೇ ಹಾಕಿ. ಮೆರವಣಿಗೆಯಲ್ಲಿ ಹಾಡಿದವರು ಇದ್ದರೆ ದನಿಗೂಡಿಸಲೂಬಹುದು, ತಡೆಯಬೇಡಿ.

ಸ್ವಿಚ್ ಬೋರ್ಡಿನ ಹತ್ತಿರ ಕೂರುವವರಿಗೆ ಮಾತ್ರ ಮೊದಲೇ ಹೇಳಿಡಿ. ಹಾಡು ಕೇಳಿದ ಕೂಡಲೇ ಮುಗೀತು ಅಂತ ಲೈಟ್ ಹಾಕಿಬಿಡುತ್ತಾರೆ. ಕೈದಿ ಬಟ್ಟೆಯಲ್ಲಿ ಬೀದಿಗೆ ಬಂದ ಇಬ್ಬರೂ ನಮ್ಮ ಕಡೆ ತಿರುಗಿ, ಕತ್ತು ಕೊಯ್ಯುವ ಸನ್ನೆ ಮಾಡುವುದು ಆಮೇಲೆ.